ಸೀರೆ ಕೊಟ್ಟು ಕಳುಹಿಸುವವರಿಂದ ಸಂಬಳ ಕೇಳುವುದು ಹೇಗೆ?

ಸ್ವಂತ ದುಡಿಮೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಗಂಗಾವತಿ ತಾಲ್ಲೂಕಿನವಳು, ವಯಸ್ಸು 34. ಜಿಎನ್‌ಎಂ ನರ್ಸಿಂಗ್ ಓದಿ ಆರು ವರ್ಷ ಖಾಸಗಿ ಆಸ್ಪತ್ರೆಯೊಂದರಲ್ಲಿ ದುಡಿದೆ. ಎರಡನೆಯ ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಕಳೆದ ಮೇ ತಿಂಗಳಲ್ಲಿ ನನ್ನ ಮೈದುನನ ಮದುವೆ ನಡೆದಾಗ, ಬಂದ ಹಿರಿಯರು ಬಿಸಿಲಿಗೆ ಬಳಲುತ್ತಿರುವುದನ್ನು ನೋಡಲಾರದೆ, ಕಲ್ಯಾಣ ಮಂಟಪದ ಹಿಂದಿನ ಸಾಮಾನಿನ ಕೋಣೆಯನ್ನು ತೆರವು ಮಾಡಿಸಿ, ಚಾಪೆ ಹಾಸಿ, ಕೂಲರ್ ಇಡಿಸಿದೆ. ಮುದುಕರಿಗೆ ಹೊತ್ತಿಗೆ ಸರಿಯಾಗಿ ಊಟ, ನೀರು, ಶೌಚಕ್ಕೆ ಕರೆದೊಯ್ಯುವುದು, ಹಸುಗೂಸು ಎತ್ತಿಕೊಂಡು ಬಂದವರಿಗೆ ಪರದೆ ಕಟ್ಟಿ ಜಾಗ ಮಾಡಿಕೊಡುವುದು, ಇಷ್ಟೇ ನಾನು ಮಾಡಿದ್ದು. ಆ ಮೇಲೆ ನಾಲ್ಕು ಮನೆಯವರು ‘ನಮ್ಮ ಮದುವೆಗೂ ಬಾರವ್ವ’ ಎಂದು ಕರೆದರು. ಹೋದೆ. ಎಲ್ಲರೂ ಉಡಿ ತುಂಬಿ ಸೀರೆ ಕೊಟ್ಟರು, ಯಾರೂ ದುಡ್ಡು ಕೊಡಲಿಲ್ಲ. ಇದನ್ನೇ ಉದ್ಯೋಗ ಮಾಡಬೇಕೆಂದಿದ್ದೇನೆ. ‘ಬೀಗರ ಉಪಚಾರ ಮಾಡಿ ದುಡ್ಡು ಕೇಳಿದರೆ ಮಂದಿ ಆಡಿಕೊಳ್ಳುತ್ತಾರೆ’ ಎನ್ನುತ್ತಾರೆ ನಮ್ಮ ಮನೆಯವರು. ನನ್ನ ಬಳಿ 70 ಸಾವಿರ ರೂಪಾಯಿ ಉಳಿತಾಯವಿದೆ. ಜೊತೆಗೆ ಅಲಂಕಾರ, ಅಡುಗೆಯ ಗುತ್ತಿಗೆಯನ್ನೂ ಹಿಡಿಯಬೇಕೇ? ದರ ಎಷ್ಟಿಡಬೇಕು? ಪರವಾನಗಿ ಬೇಕೇ?

ಉತ್ತರ: ಅಲಂಕಾರ, ಅಡುಗೆ ಎರಡನ್ನೂ ಮುಟ್ಟಬೇಡಿ. ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಹಂದರ ಹಾಕುವವರಿಗೂ ಹುಗ್ಗಿ ಕಲಸುವವರಿಗೂ ಕೊರತೆಯಿಲ್ಲ, ಅವರ ನಡುವಿನ ಪೈಪೋಟಿಯಲ್ಲಿ ದರ ಇಳಿಯುತ್ತಲೇ ಇದೆ. ಮದುವೆಗೆ ಬಂದ ಎಂಬತ್ತು ವರ್ಷದ ಅಜ್ಜಿಯ ಹೊಣೆ ಯಾರದು ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಯಾವ ಗುತ್ತಿಗೆದಾರನೂ ಉತ್ತರ ಹೇಳಿಲ್ಲ. ನಿಮ್ಮ ಕೈಯಲ್ಲಿರುವುದು ಆ ಉತ್ತರ. ಅದನ್ನು ಹೂವಿನ ಕಮಾನಿನ ಜೊತೆ ಸೇರಿಸಿ ಮಾರಿದರೆ ಜನ ಕಮಾನಿನ ಬೆಲೆಯನ್ನಷ್ಟೇ ಕೇಳುತ್ತಾರೆ, ನಿಮ್ಮ ಆರೈಕೆ ಪುಕ್ಕಟೆಯ ಬಾಬತ್ತಾಗಿಬಿಡುತ್ತದೆ.

ನಿಮ್ಮ ಯಜಮಾನರ ಆತಂಕ ಪೊಳ್ಳಲ್ಲ. ಈ ಕೆಲಸವನ್ನು ಇದುವರೆಗೆ ಓಣಿಯ ಹೆಣ್ಣುಮಕ್ಕಳು, ಅತ್ತಿಗೆ ನಾದಿನಿಯರು ಮಾಡಿಕೊಂಡು ಬಂದಿದ್ದಾರೆ, ಆದ್ದರಿಂದ ಅದಕ್ಕೆ ಬೆಲೆಯಿದೆ ಎಂಬುದು ಯಾರ ಕಣ್ಣಿಗೂ ಬಿದ್ದಿಲ್ಲ. ಆದರೆ ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ಒಳಕೋಣೆಯಲ್ಲಿ ಅತ್ತೆಯ ಕಾಲೊತ್ತುತ್ತ ಕುಳಿತ ಸೊಸೆಯನ್ನು ಒಮ್ಮೆ ಕೇಳಿ ನೋಡಿ, ತನ್ನ ತಮ್ಮನ ಮದುವೆಯನ್ನೇ ತಾನು ನೋಡಲಿಲ್ಲ ಎಂದು ಅವಳು ಹೇಳುತ್ತಾಳೆ. ನೀವು ದುಡ್ಡು ಕೇಳುತ್ತಿರುವುದು ಬೀಗರ ಉಪಚಾರಕ್ಕಲ್ಲ, ಆ ಸೊಸೆಗೆ ಬಿಡುವು ಕೊಟ್ಟಿದ್ದಕ್ಕೆ.

ಹಾಗಾದರೆ ಯಾರನ್ನು ಕೇಳಬೇಕು? ಹೆಣ್ಣಿನ ತಂದೆಯ ಬಳಿ ಮೊದಲು ಹೋಗಬೇಡಿ. ಮಂಟಪ, ಬಂಗಾರ, ಊಟ, ಬಟ್ಟೆ ಎಂದು ಲೆಕ್ಕ ಹಾಕಿ ಬಸವಳಿದಿರುವ ಅವರಿಗೆ ಇದು ಇನ್ನೊಂದು ಖರ್ಚಿನಂತೆಯೇ ಕಾಣುತ್ತದೆ. ಬೆಂಗಳೂರು, ಹೈದರಾಬಾದುಗಳಲ್ಲಿ ನೌಕರಿ ಮಾಡುತ್ತ, ಊರಿನಲ್ಲಿರುವ ತಂದೆತಾಯಿಯರನ್ನು ಮದುವೆಗೆ ಕರೆದೊಯ್ಯುವುದು ಹೇಗೆಂದು ತಲೆಕೆಡಿಸಿಕೊಳ್ಳುವ ಮಕ್ಕಳು ನಿಮ್ಮ ಮೊದಲ ಗಿರಾಕಿಗಳು. ಇನ್ನೂ ಒಂದು ದಾರಿ ನಮ್ಮ ಪದ್ಧತಿಯಲ್ಲೇ ಇದೆ. ಸೋದರಮಾವಂದಿರು, ಅಕ್ಕತಂಗಿಯರು, ಗೆಳೆಯರ ಗುಂಪಿನವರು ಆಯೇರಿ (ಮದುವೆಯ ಉಡುಗೊರೆ) ಮಾಡುವಾಗ ಸ್ಟೀಲ್ ಪಾತ್ರೆ, ಗೋಡೆ ಗಡಿಯಾರ ಕೊಡುವುದು ರೂಢಿ. ಅಂಥ ನಾಲ್ಕೈದು ಜನ ಸೇರಿ ‘ಹಿರಿಯರ ಆರೈಕೆ ನಮ್ಮ ಆಯೇರಿ’ ಎಂದು ನಿಮ್ಮನ್ನು ಗೊತ್ತು ಮಾಡಿದರೆ ತಲೆಗೆ ಎರಡು ಸಾವಿರದ ಆಸುಪಾಸು ಬೀಳುತ್ತದೆ, ಮದುವೆ ಮನೆಯವರಿಗೂ ಭಾರವಿಲ್ಲ. ಮುಯ್ಯಿ, ಅಂದರೆ ಪಡೆದ ಉಡುಗೊರೆಯನ್ನು ತಿರುಗಿ ತೀರಿಸುವ ಪದ್ಧತಿ, ಏನೆಂದು ಬಲ್ಲ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಈಗ ದರ. ನೀವು ಖರ್ಚಿನ ಪಟ್ಟಿ ಕಳುಹಿಸಿಲ್ಲ, ಆದ್ದರಿಂದ ಮಾದರಿಗೆ ನಾನೇ ಒಂದು ಲೆಕ್ಕ ಹಾಕುತ್ತೇನೆ, ನಿಮ್ಮೂರಿನ ಕೂಲಿಗೆ ತಕ್ಕಂತೆ ತಿದ್ದಿಕೊಳ್ಳಿ. ನಾಲ್ವರು ಸಹಾಯಕಿಯರಿಗೆ ದಿನಕ್ಕೆ 600ರಂತೆ 2,400, ನಿಮ್ಮ ಸ್ವಂತ ದಿನಗೂಲಿ 1,200, ಟಂಟಂ ಆಟೋ ಬಾಡಿಗೆ 1,200, ಓಆರ್‌ಎಸ್ ಪುಡಿ, ಹತ್ತಿ, ಸಾಬೂನು ಮುಂತಾದವಕ್ಕೆ 600, ಹಾಸು ಹೊದಿಕೆ ಒಗೆಸಲು 400, ಸಾಮಾನು ಸವೆಯುವುದಕ್ಕೆಂದು ತೆಗೆದಿಡುವ 500, ಒಟ್ಟು 6,300 ರೂಪಾಯಿ. ನಿಮ್ಮ ಕೂಲಿಯನ್ನು ಲಾಭದಲ್ಲಿ ಸೇರಿಸದೆ ಖರ್ಚಿನಲ್ಲೇ ಹಿಡಿದಿರುವುದನ್ನು ಗಮನಿಸಿ, ಮನೆಯಿಂದ ಹೊರಟ ಹೆಣ್ಣುಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. 8,500 ಕೇಳಿದರೆ 2,200 ಉಳಿಯುತ್ತದೆ. ಬಂಧುಗಳಿಗೂ ಪುಕ್ಕಟೆ ಬೇಡ. ಅರ್ಧ ದರಕ್ಕೆ ಮಾಡಿಕೊಟ್ಟರೂ ರಸೀದಿಯಲ್ಲಿ ಪೂರ್ತಿ ದರ ಬರೆದು, ಬಿಟ್ಟುಕೊಟ್ಟ ಮೊತ್ತವನ್ನು ಕೆಳಗೆ ಕಾಣಿಸಿ. ಸೀರೆ ಕೊಟ್ಟರೆ ಸಂತೋಷದಿಂದ ಉಡಿಯಲ್ಲಿ ಹಾಕಿಸಿಕೊಳ್ಳಿ, ಅದನ್ನು ಬಾಕಿಯಲ್ಲಿ ಮಾತ್ರ ಮುರಿದುಕೊಳ್ಳಬೇಡಿ.

ಈ 2,200ನ್ನು ವರ್ಷದ ಎಲ್ಲ ದಿನಗಳಿಗೆ ಗುಣಿಸಿ ಕನಸು ಕಾಣುವುದು ತಪ್ಪಾಗುತ್ತದೆ. ಆಷಾಢ, ಧನುರ್ಮಾಸ, ಗುರು ಶುಕ್ರ ಗ್ರಹಗಳು ಕಣ್ಣಿಗೆ ಕಾಣದ ಮೌಢ್ಯದ ದಿನಗಳನ್ನು ಕಳೆದರೆ ಮುಹೂರ್ತದ ದಿನಗಳು ಬೆರಳೆಣಿಕೆಯವು. 2026ರಲ್ಲಂತೂ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ ಬಂದಿದೆ, ಅಂದರೆ ಬೇಸಿಗೆಯ ಒಂದಿಡೀ ತಿಂಗಳು ಹಂದರಗಳೇ ಏಳುವುದಿಲ್ಲ. ವರ್ಷಕ್ಕೆ 30 ಮದುವೆ ಸಿಕ್ಕರೆ, ನಿಮ್ಮ ದಿನಗೂಲಿಯೂ ಸೇರಿ, ಒಂದು ಲಕ್ಷದ ಆಸುಪಾಸು ಕೈಸೇರುತ್ತದೆ. ಇದು ಕುಟುಂಬಕ್ಕೆ ಆಸರೆಯಾದೀತು, ಪೂರ್ಣಾವಧಿಯ ನೌಕರಿಗೆ ಬದಲಿಯಾಗದು. ಸೀಮಂತ, ಗೃಹಪ್ರವೇಶ, ಜಾತ್ರೆಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳನ್ನು ಸೇರಿಸಿಕೊಂಡರೆ ದಿನಗಳು ಹೆಚ್ಚುತ್ತವೆ. ಒಂದು ಅನುಕೂಲವೂ ಇದೆ. ತುಂಗಭದ್ರಾ ಕಾಲುವೆಯ ನೀರಾವರಿ ಊರುಗಳಲ್ಲಿ ಭತ್ತದ ನಾಟಿಯ ಕಾಲಕ್ಕೆ ಕೂಲಿ ಹೆಂಗಸರು ಸಿಗುವುದೇ ಕಷ್ಟ, ಆದರೆ ಬೇಸಿಗೆ ಬೆಳೆಯ ಕಟಾವು ಯಂತ್ರಗಳ ಪಾಲಾಗಿರುವುದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಅವರಿಗೆ ಬಿಡುವಿರುತ್ತದೆ. ನಿಮ್ಮ ಸಹಾಯಕಿಯರನ್ನು ಅಲ್ಲಿಂದಲೇ ಆರಿಸಿ ತರಬೇತಿ ಕೊಡಿ. ಕ್ಯಾಂಪುಗಳೆಂಬ ವಲಸಿಗರ ಊರುಗಳಲ್ಲಿರುವ ತೆಲುಗು ಕುಟುಂಬಗಳಲ್ಲಿ ಮುಹೂರ್ತ ನಡುರಾತ್ರಿಗೂ ಬರುವುದುಂಟು. ಅಂಥ ಮದುವೆ ಒಪ್ಪಿಕೊಂಡರೆ ಹಿರಿಯರಿಗೆ ಮಲಗುವ ವ್ಯವಸ್ಥೆಯ ಜೊತೆಗೆ ನಿಮ್ಮ ಹೆಂಗಸರನ್ನು ಮನೆಬಾಗಿಲಿಗೆ ಮುಟ್ಟಿಸುವ ವಾಹನದ ಖರ್ಚನ್ನೂ ದರದಲ್ಲಿ ಸೇರಿಸಿ.

ಕೆಲಸದ ಒಳಗಿನ ಮಾತಿಗೆ ಬರುತ್ತೇನೆ, ನಿಮ್ಮ ಓದಿಗೆ ನಿಜವಾದ ಬೆಲೆ ಬರುವುದು ಇಲ್ಲಿ. ರಾಯಚೂರು, ಬಳ್ಳಾರಿ, ಕೊಪ್ಪಳದ ಬಿಸಿಲು ಏಪ್ರಿಲ್ ಹೊತ್ತಿಗೆ 40 ಡಿಗ್ರಿ ದಾಟುತ್ತದೆ, ತಗಡಿನ ಚಾವಣಿಯ ಮಂಟಪದೊಳಗೆ ಇನ್ನೂ ಕಾವು. ಮುಹೂರ್ತ ಹನ್ನೆರಡೂವರೆಗೆ, ಪಂಕ್ತಿ ಏಳುವುದು ಎರಡರ ಮೇಲೆ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿಯೋ ಇನ್ಸುಲಿನ್ ಚುಚ್ಚಿಸಿಕೊಂಡೋ ಬಂದ ಹಿರಿಯರು ಅಷ್ಟು ಹೊತ್ತು ಬರಿಹೊಟ್ಟೆಯಲ್ಲಿ ಕುಳಿತರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ತಡವರಿಕೆ ಶುರುವಾಗುತ್ತದೆ, ಮಂದಿ ಅದನ್ನು ಬಿಸಿಲಿನ ಬಳಲಿಕೆ ಎಂದುಕೊಳ್ಳುತ್ತಾರೆ. ಎಚ್ಚರವಿದ್ದವರಿಗೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಟ್ಟು, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕೆಂಬುದು ನಿಮಗೆ ಗೊತ್ತು, ಸಹಾಯಕಿಯರಿಗೂ ಬಾಯಿಪಾಠ ಮಾಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಕೂಡಲೇ 108ಕ್ಕೆ ಕರೆ ಮಾಡಬೇಕು. ಮೈ ಸುಡುತ್ತ, ಮಾತು ತೊದಲುತ್ತಿದ್ದರೆ ಅದು ಉಷ್ಣಾಘಾತ. ಆಂಬುಲೆನ್ಸ್ ಬರುವವರೆಗೂ ನೆರಳಿನಲ್ಲಿ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಬೆರೆಸಬೇಕು, ರುಚಿಗೆಂದು ಅರ್ಧ ಲೀಟರಿಗೆ ಬೆರೆಸುವ ಅಭ್ಯಾಸ ಕೆಟ್ಟದ್ದು.

ಆದರೆ ನರ್ಸ್ ಇದ್ದಾರೆಂದು ಗೊತ್ತಾದ ಕೂಡಲೇ ‘ಒಂದು ಸಲೈನ್ ಹಾಕಿಬಿಡವ್ವ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಒಪ್ಪಬೇಡಿ. ನೀವು ನಡೆಸುವುದು ಆರೈಕೆಯ ಕೋಣೆಯೇ ಹೊರತು ದವಾಖಾನೆಯಲ್ಲ. ಚಿಕಿತ್ಸೆಗೆ ಕೈ ಹಾಕಿದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿಯ ಪ್ರಶ್ನೆ ಎದುರಾಗುತ್ತದೆ. ಅವರವರು ತಂದ ಮಾತ್ರೆಯನ್ನು ಹೊತ್ತಿಗೆ ನೆನಪಿಸಿ, ನಿಮ್ಮ ಚೀಲದಿಂದ ಮಾತ್ರೆ ತೆಗೆದು ಕೊಡಬೇಡಿ. ಹಾಗೆಯೇ ಯಾರ ಬೋರಮಾಳವನ್ನೂ (ಚಿನ್ನದ ಗುಂಡಿನ ಸರ) ಕಿವಿಯೋಲೆಯನ್ನೂ ಇಟ್ಟುಕೊಳ್ಳಲು ಒಪ್ಪಬೇಡಿ. ಮಲಗುವಾಗ ಬಿಚ್ಚಿ ‘ಹಿಡ್ಕೋ ಮಗಳ’ ಎಂದು ಕೊಡುವ ಅಜ್ಜಿಯ ಮಾತು ಮೀರುವುದು ಕಷ್ಟ, ಆದರೂ ಆಕೆಯ ಮಗಳನ್ನೇ ಕರೆಸಿ ಕೊಡಿಸಿ. ಒಂದು ಗುಂಡು ಕಳೆದರೂ ಉದ್ಯೋಗವೇ ಮುಳುಗುತ್ತದೆ.

ಹಸುಗೂಸಿನ ತಾಯಂದಿರಿಗೆ ಮಂಟಪದಲ್ಲಿರುವ ಒಂದೇ ಮರೆಯ ಜಾಗವೆಂದರೆ ಮದುಮಗಳ ಕೋಣೆ, ಒಡವೆಯಿರುವುದರಿಂದ ಅದಕ್ಕೆ ಸದಾ ಬೀಗ. ನೀವು ಕಟ್ಟಿದ ಪರದೆಯ ಸುದ್ದಿ ಹೆಂಗಸರ ಬಾಯಿಂದ ಬಾಯಿಗೆ ಹೋಗುತ್ತದೆ, ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ.

ಕಾಗದಪತ್ರದ ಮಾತು ಚಿಕ್ಕದು. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಆಧಾರ್, ಪಾನ್ ಸಂಖ್ಯೆಗಳಿಂದ ಆನ್‌ಲೈನಿನಲ್ಲಿ ಪುಕ್ಕಟೆ ಆಗುತ್ತದೆ, ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಾಲಕ್ಕೆ ಆತುರ ಬೇಡ. ನಿಮ್ಮ 70 ಸಾವಿರದಲ್ಲಿ ಮಡಚುವ ಗಾಲಿಕುರ್ಚಿ ಎರಡು, ಕಮೋಡ್ ಕುರ್ಚಿ ಒಂದು, ಕೆಲವು ಮಡಚುಮಂಚ, ಪರದೆ, ಬಿಪಿ ಮತ್ತು ಸಕ್ಕರೆ ನೋಡುವ ಯಂತ್ರ ಕೊಂಡು, ಕೂಲರನ್ನು ಶಾಮಿಯಾನದವರಿಂದ ಬಾಡಿಗೆಗೆ ಪಡೆಯಿರಿ. ಮೊದಲ ಮದುವೆ ಸುಗ್ಗಿ ಕಳೆದ ಮೇಲೂ ಬೇಕೆನಿಸಿದರೆ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ 50 ಸಾವಿರದವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ.

ಒಂದು ಕಾಗದವನ್ನು ಮಾತ್ರ ಎಂದಿಗೂ ಬಿಡಬೇಡಿ. ಮುಂಗಡ ಹಿಡಿಯುವ ಮೊದಲು ಮದುಮಕ್ಕಳ ವಯಸ್ಸಿನ ದಾಖಲೆಯ ಪ್ರತಿ ಪಡೆಯಿರಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೋ ಜನನ ಪ್ರಮಾಣಪತ್ರವೋ ಆಗಬಹುದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ. ಹೆಣ್ಣಿಗೆ 18, ಗಂಡಿಗೆ 21 ತುಂಬದ ಮದುವೆಯನ್ನು ನಡೆಸಿಕೊಟ್ಟವರಿಗೂ ಅದಕ್ಕೆ ನೆರವಾದವರಿಗೂ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ದಾಖಲೆ ಕೇಳಿದ್ದಕ್ಕೆ ಸಿಟ್ಟಾಗುವ ಮನೆಯ ಕೆಲಸ ನಿಮಗೆ ಬೇಡ, ಸಂಶಯ ಬಲವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ. ಉಳಿದ ಕರಾರು ಒಂದು ಪುಟ ಸಾಕು: ಅರ್ಧ ಮುಂಗಡ, ಉಳಿದದ್ದು ಊಟದ ಪಂಕ್ತಿ ಮುಗಿಯುವ ಮೊದಲು, ಸೂತಕದಿಂದ ಮದುವೆ ಮುಂದೆ ಹೋದರೆ ಮುಂಗಡ ಮುಂದಿನ ತಾರೀಖಿಗೆ.

ಪ್ರಶ್ನೆ: ನಾನು ಸಿಂಧನೂರಿನ ಪದವೀಧರ. ಮದುವೆಗಳಲ್ಲಿ ಆಯೇರಿ, ಮುಯ್ಯಿ ಬರೆದುಕೊಂಡು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಕೊಡುವ ಸೇವೆ ಆರಂಭಿಸುವ ಯೋಚನೆಯಿದೆ. ಫೋನಿನಲ್ಲಿ ಹಣ ಕಳುಹಿಸುವವರಿಗಾಗಿ ನನ್ನ ಖಾತೆಯ ಕ್ಯೂಆರ್ ಇಟ್ಟು, ಸಂಜೆ ಒಟ್ಟು ಮೊತ್ತವನ್ನು ಮನೆಯವರಿಗೆ ವರ್ಗಾಯಿಸಬಹುದೇ?

ಉತ್ತರ: ನಿಮ್ಮ ಕ್ಯೂಆರ್ ಬೇಡವೇ ಬೇಡ. ಮಂದಿಯ ಮುಯ್ಯಿ ನಿಮ್ಮ ಖಾತೆಗೆ ಬಂದರೆ ಅದು ನಿಮ್ಮ ಆದಾಯವಲ್ಲವೆಂದು ತೋರಿಸುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ, ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಓಣಿಯೆಲ್ಲ ಗುಲ್ಲು. ಮನೆಯವರದೇ ಕ್ಯೂಆರ್ ಇರಲಿ, ನಗದು ಪೆಟ್ಟಿಗೆಯ ಬಳಿ ಅವರ ಕಡೆಯ ಹಿರಿಯರೊಬ್ಬರು ಕೂರಲಿ, ನಿಮ್ಮ ಕೈಯಲ್ಲಿ ಬರಹ ಮಾತ್ರ ಇರಲಿ. ಯೋಚನೆ ಚೆನ್ನಾಗಿದೆ. ಹತ್ತು ವರ್ಷದ ಮೇಲೆ ಬೀಗರ ಮನೆಯಲ್ಲಿ ಮದುವೆಯಾದಾಗ ಹಳೆಯ ಮುಯ್ಯಿ ಪುಸ್ತಕ ಹುಡುಕುತ್ತ ಅಟ್ಟವೇರುವವರೇ ನಿಮ್ಮ ಗಿರಾಕಿಗಳು. ಊರಿನ ಹೆಸರು, ಮನೆತನ, ಕೊಟ್ಟ ವಸ್ತು ಈ ಮೂರೂ ತಪ್ಪದೆ ಇರಲಿ, ಏಕೆಂದರೆ ಒಂದೇ ಊರಿನಲ್ಲಿ ಒಂದೇ ಹೆಸರಿನ ಹತ್ತು ಜನ ಇರುತ್ತಾರೆ. ಮದುವೆ ಮುಗಿದ ಮರುದಿನ ಪಟ್ಟಿಯನ್ನು ಮನೆಯವರ ಕೈಗಿತ್ತು, ನಿಮ್ಮ ಕಂಪ್ಯೂಟರಿನಿಂದ ಅವರ ಎದುರಿನಲ್ಲೇ ಅಳಿಸಿಹಾಕಿ.