ಕೇಳಿ, ಹೇಳುತ್ತೇವೆ: ನೀರು ರಾಕೆಟ್ಟಿಗೆ ವೈರ್‌ಲೆಸ್ ಗುಂಡಿ

ಪ್ರಶ್ನೆ: ಶಾಲೆಯಲ್ಲಿ 2 ಲೀಟರ್ ಬಾಟಲಿಯ ನೀರು ರಾಕೆಟ್ ಹಾರಿಸುತ್ತೇವೆ. ಹಗ್ಗ ಎಳೆಯುವ ಬದಲು ಎರಡು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್) ಬೋರ್ಡು, ಒಂದು ಎಸ್‌ಜಿ90 ಸರ್ವೋ (ಹೇಳಿದಷ್ಟು ಕೋನಕ್ಕೆ ತಿರುಗುವ ಮೋಟರ್) ಸೇರಿಸಿ ರಿಮೋಟ್ ಮಾಡಿದೆವು. ಮೇಜಿನ ಮೇಲೆ ಚೆನ್ನಾಗಿ ತಿರುಗುತ್ತದೆ. ಮೈದಾನದಲ್ಲಿ ಗಾಳಿ ತುಂಬಿ ಗುಂಡಿ ಒತ್ತಿದರೆ ಸರ್ವೋ ಒಮ್ಮೆ ನಡುಗಿ ನಿಲ್ಲುತ್ತದೆ, ಬೋರ್ಡು ರೀಸ್ಟಾರ್ಟ್ ಆಗುತ್ತದೆ. ಏನು ತಪ್ಪು?
– ಹೈಸ್ಕೂಲ್ ಶಿಕ್ಷಕರು, ಹಾಸನ

ಉತ್ತರ: ರೇಡಿಯೊ ಸರಿಯಾಗಿಯೇ ಇದೆ. ಸರ್ವೋ ತಲೆಗೆ ಹೊರಲಾರದ ಹೊರೆ ಕಟ್ಟಿದ್ದೀರಿ. ಬಾಟಲಿ ಬಾಯಿಯ ಒಳವ್ಯಾಸ ಸುಮಾರು 22 ಮಿ.ಮೀ., ಅಂದರೆ 3.8 ಚದರ ಸೆಂ.ಮೀ. 60 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಒತ್ತಡದ ಅಳತೆ) ಎಂದರೆ ಚದರ ಸೆಂ.ಮೀ.ಗೆ 4.2 ಕೆ.ಜಿ. ಒಟ್ಟು 16 ಕೆ.ಜಿ. ಬಲ ಬಾಟಲಿಯನ್ನು ಮೇಲಕ್ಕೆ ದೂಡುತ್ತಿರುತ್ತದೆ. ಬಾಟಲಿಯ ಕತ್ತು ಹಿಡಿದು ಅಷ್ಟನ್ನೂ ತಡೆಯುವ ಕೇಬಲ್ ಟೈ (ಪ್ಲಾಸ್ಟಿಕ್ ಬಿಗಿಪಟ್ಟಿ) ತಲೆಗಳು ಸುತ್ತಲಿನ ಪಿವಿಸಿ ಬಳೆಗೆ ಒತ್ತಿಕೊಂಡು ಕೂರುತ್ತವೆ. ಬಳೆ ಕೆಳಕ್ಕೆ ಜಾರಿದರೆ ಬಾಟಲಿ ಹಾರುತ್ತದೆ. ಖಾಲಿ ಇದ್ದಾಗ ಬೆರಳಿಗೇ ಜಾರುವ ಬಳೆ ಗಾಳಿ ತುಂಬಿದ ಮೇಲೆ ಕಚ್ಚಿಕೊಳ್ಳುತ್ತದೆ. ಎಸ್‌ಜಿ90ರ ತಾಕತ್ತು 1.8 ಕೆ.ಜಿ.-ಸೆಂ.ಮೀ.; 2 ಸೆಂ.ಮೀ. ತೋಳಿನ ತುದಿಯಲ್ಲಿ ಒಂದು ಕೆ.ಜಿ.ಯೂ ಸಿಗದು.

ಬಳೆ ಎಳೆಯುವ ಕೆಲಸ ರಬ್ಬರಿಗೆ ಬಿಡಿ, ಸರ್ವೋ ಪಿನ್ನು ಕಿತ್ತರೆ ಸಾಕು. ಹಳೇ ಸೈಕಲ್ ಟ್ಯೂಬಿನಿಂದ 2 ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ಬಳೆಯ ಎರಡೂ ಬದಿಯಿಂದ ಕೆಳಕ್ಕೆ ಬಿಗಿದು ಕಟ್ಟಿ. ಬಳೆ ಇಳಿಯದಂತೆ ಅದರ ಕೆಳಗೆ ಸೈಕಲ್ ಚಕ್ರದ ಕಡ್ಡಿಯ ತುಂಡನ್ನು ಅಡ್ಡ ತೂರಿಸಿ. ಮೊದಲು ಸರ್ವೋ ಇಲ್ಲದೆ, ಕಡ್ಡಿಗೆ ಉದ್ದದ ದಾರ ಕಟ್ಟಿ ದೂರದಿಂದ ಎಳೆದು, ಪೂರ್ತಿ ಒತ್ತಡದಲ್ಲಿ ಹತ್ತು ಸಲ ಹಾರಿಸಿ ನೋಡಿ. ಒಂದು ಸಲ ಬಳೆ ನಿಂತರೂ ಇನ್ನೊಂದು ಪಟ್ಟಿ ಸೇರಿಸಿ. ಆಮೇಲೆ ಲೋಹದ ಹಲ್ಲಿನ ಎಂಜಿ996ಆರ್ ಸರ್ವೋ ಹಾಕಿ.

ರೀಸ್ಟಾರ್ಟ್‌ನ ಕಾರಣ ಸಿಕ್ಕಿಕೊಂಡ ಸರ್ವೋ ಸೆಳೆಯುವ ಕರೆಂಟು. ಎಂಜಿ996ಆರ್ ಅಂತೂ ಸಿಕ್ಕಿಕೊಂಡರೆ 2.5 ಆಂಪಿಯರ್‌ವರೆಗೆ ಸೆಳೆಯುತ್ತದೆ. ಬೋರ್ಡಿನ 5 ವೋಲ್ಟ್ ಪಿನ್ನಿನಿಂದಲೇ ಸರ್ವೋಗೂ ಕೊಟ್ಟರೆ ವೋಲ್ಟೇಜ್ ಕುಸಿದು ಬೋರ್ಡು ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಸೀರಿಯಲ್ ಮಾನಿಟರಿನಲ್ಲಿ ‘ಬ್ರೌನೌಟ್’ (ವೋಲ್ಟೇಜ್ ಕುಸಿತ) ಎಂಬ ಸಾಲು ಕಾಣುತ್ತದೆ. 18650 ಸೆಲ್ ಎರಡನ್ನು ಸೀರೀಸ್‌ನಲ್ಲಿ ಜೋಡಿಸಿ, ಸರ್ವೋಗೇ ಬೇರೆ 3 ಆಂಪಿಯರ್ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಮಾಡ್ಯೂಲ್) ಕೊಡಿ. ಅದರ ಸ್ಕ್ರೂ ತಿರುಗಿಸಿ ಮಲ್ಟಿಮೀಟರಿನಲ್ಲಿ 5.5 ವೋಲ್ಟ್ ನೋಡಿಕೊಂಡ ಮೇಲೆಯೇ ತಂತಿ ಜೋಡಿಸಿ. ಸರ್ವೋ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್, 16 ವೋಲ್ಟ್ ಕೆಪಾಸಿಟರ್. ಬೋರ್ಡು, ಸರ್ವೋ ಎರಡರ ಗ್ರೌಂಡ್ (ಮೈನಸ್ ತಂತಿ) ಒಂದೇ ಆಗಿರಲಿ. ಇದನ್ನು ಮರೆತವರ ಸರ್ವೋ ಸುಮ್ಮನೆ ಗುಂಯ್‌ಗುಡುತ್ತಿರುತ್ತದೆ.

ಸ್ವಿಚ್ ಹಾಕಿದ ಕ್ಷಣ ಸರ್ವೋ ಒಮ್ಮೆ ಜಿಗಿಯುವುದುಂಟು. ಹಾಗಾಗಿ ಬೋರ್ಡು ಮೊದಲು ಆನ್ ಆಗಲಿ, ಬಾಟಲಿ ಆಮೇಲೆ ಕೂರಲಿ, ಎಲ್ಲರೂ 10 ಮೀಟರ್ ದೂರದ ಪಂಪಿನ ಬಳಿ ಬಂದ ಮೇಲೆ ಗಾಳಿ. ಬಾಟಲಿ ಸೋಡಾ, ಕೋಲಾದ್ದೇ ಆಗಬೇಕು. ಕುಡಿಯುವ ನೀರಿನ ತೆಳು ಬಾಟಲಿ ಬೇಡ. ಗೀರು ಬಿದ್ದದ್ದು, ಕಾಂಕ್ರೀಟಿಗೆ ಬಡಿದದ್ದು ಗುಜರಿಗೆ.

ಪ್ರಶ್ನೆ: ಗಾಳಿ ತುಂಬಿದ ಮೇಲೆ ರಿಮೋಟಿನ ಬ್ಯಾಟರಿ ಸತ್ತರೆ?
– ಡಿಪ್ಲೊಮಾ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪ್ರೋಗ್ರಾಮ್ ಬರೆಯುವಾಗ ಬಹುತೇಕರಿಗೆ ಹೊಳೆಯದ ಪ್ರಶ್ನೆ. ರಿಮೋಟು 200 ಮಿಲಿಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಕಳಿಸುತ್ತಿರಲಿ. ಒಂದು ಸೆಕೆಂಡ್ ಸದ್ದಿಲ್ಲದಿದ್ದರೆ ರಿಸೀವರ್ ಲಾಕ್ ಆಗಬೇಕು, ಸಿಗ್ನಲ್ ಮರಳಿದರೂ ರಿಮೋಟಿನ ಕೀಲಿ ಸ್ವಿಚ್ ತಿರುಗಿಸದೆ ಬಿಚ್ಚಬಾರದು. ಕೀಲಿ ಆನ್ ಇದ್ದು, ಗುಂಡಿಯನ್ನು ಎರಡು ಸೆಕೆಂಡ್ ಒತ್ತಿ ಹಿಡಿದಾಗ ಮಾತ್ರ ಸರ್ವೋ ತಿರುಗಲಿ.

ಇಷ್ಟು ಮಾಡಿದರೂ ಬಾಟಲಿಯೊಳಗಿನ ಗಾಳಿ ಅಲ್ಲೇ ಇರುತ್ತದೆ, ಅದರ ಹತ್ತಿರ ಯಾರೂ ಹೋಗುವಂತಿಲ್ಲ. ಟ್ಯೂಬ್ ವಾಲ್ವ್ ಗಾಳಿಯನ್ನು ಹಿಂದಕ್ಕೆ ಬಿಡುವುದಿಲ್ಲವಲ್ಲ, ಆದ್ದರಿಂದ ಪಂಪಿನ ತುದಿಯಲ್ಲಿ ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ), ಅದಕ್ಕೊಂದು ಬಾಲ್ ವಾಲ್ವ್ ಹಾಕಿ. ತಿರುಗಿಸಿದರೆ ನಿಂತಲ್ಲಿಂದಲೇ ಗಾಳಿ ಖಾಲಿ. ಬಾಟಲಿಯೊಳಗಿನ ಕೊಳವೆ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ 650 ಮಿ.ಲೀ. ನೀರು ಪೈಪಿನಲ್ಲಿ ಹಿಂದೆ ಬರುತ್ತದೆ. ಒತ್ತಡದ ಮೀಟರ್ ಸೊನ್ನೆಗೆ ಇಳಿದ ಮೇಲೂ ಒಂದು ನಿಮಿಷ ಕಾಯಿರಿ. ಮದ್ದಿನ ಮೋಟರ್ ಹಾರಿಸುವ ಅಮೆರಿಕದ ಹವ್ಯಾಸಿಗಳ ಸುರಕ್ಷಾ ನಿಯಮದಲ್ಲೂ ರಾಕೆಟ್ ಏಳದಿದ್ದರೆ ಕೀಲಿ ತೆಗೆದು 60 ಸೆಕೆಂಡ್ ಕಾಯಬೇಕೆಂದಿದೆ.

ರಿಸೀವರನ್ನು ಹಸಿ ಹುಲ್ಲಿನ ಮೇಲಿಡದೆ ಒಂದು ಮೀಟರ್ ಎತ್ತರದ ಕೋಲಿಗೆ ಕಟ್ಟಿದರೆ ಸಿಗ್ನಲ್ ಕಡಿಯುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಇದೇ ರಿಮೋಟಿನಿಂದ ಮನೆಯಲ್ಲೇ ಮಾಡಿದ ಮದ್ದಿನ ರಾಕೆಟ್ ಹಾರಿಸಬಹುದೇ?
– ಓದುಗರು, ತುಮಕೂರು

ಉತ್ತರ: ಬೇಡ. ಲೈಸೆನ್ಸ್ ಇಲ್ಲದೆ ಮದ್ದು ಅರೆಯುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧ. ಅರೆಯುವಾಗಲೇ ಕೈ ಹೋಗಬಹುದು.

ಪ್ರಶ್ನೆ: ಪ್ರೆಶರ್ ಸೆನ್ಸರನ್ನು ಇಎಸ್‌ಪಿ32ರ ಜಿಪಿಐಒ 25 ಪಿನ್ನಿಗೆ ಜೋಡಿಸಿದ್ದೇನೆ. ವೈಫೈ ಆನ್ ಆದೊಡನೆ ಓದುವುದು ನಿಲ್ಲುತ್ತದೆ. ಸೆನ್ಸರ್ ಕೆಟ್ಟಿದೆಯೇ?
– ಓದುಗರು, ಧಾರವಾಡ

ಉತ್ತರ: ಕೆಟ್ಟಿಲ್ಲ. ಇಎಸ್‌ಪಿ32ರಲ್ಲಿ 25 ಇರುವುದು ಎಡಿಸಿ2ರಲ್ಲಿ (ವೋಲ್ಟೇಜ್ ಓದುವ ಎರಡನೇ ಘಟಕ), ವೈಫೈ ನಡೆಯುವಾಗ ಅದನ್ನು ಓದಲಾಗದು. ರೂಟರ್ ಇಲ್ಲದೆ ಬೋರ್ಡುಗಳು ನೇರ ಮಾತಾಡುವ ಇಎಸ್‌ಪಿ-ನೌ ಬಳಸಿದರೂ ಅದೇ ಕಥೆ, ರೇಡಿಯೊ ಒಂದೇ ತಾನೆ. ತಂತಿಯನ್ನು ಜಿಪಿಐಒ 34ಕ್ಕೆ ಬದಲಿಸಿ. ಸೆನ್ಸರ್ 4.5 ವೋಲ್ಟ್‌ವರೆಗೆ ಕೊಡುವಂಥದ್ದಾದರೆ ನೇರ ಜೋಡಿಸಬೇಡಿ. 10 ಕಿಲೋಓಮ್ ಮೂಲಕ ತಂದು, ಪಿನ್ನಿನಿಂದ ಗ್ರೌಂಡಿಗೆ 20 ಕಿಲೋಓಮ್ ಹಾಕಿ. 150 ಪಿಎಸ್‌ಐ ಸೆನ್ಸರಿನಲ್ಲಿ 0.5 ವೋಲ್ಟ್ ಎಂದರೆ ಸೊನ್ನೆ ಒತ್ತಡ. ಆಗ 60 ಪಿಎಸ್‌ಐಗೆ ಪಿನ್ನಿನಲ್ಲಿ 1.4 ವೋಲ್ಟ್ ಕಾಣಬೇಕು.