ಹೋಟೆಲಿನ ಕೆಲಸ ಬೇರೆಯವರಿಗೆ ಬಿಡುವುದು ಹೇಗೆ?

ಹತ್ತು ಜನ ಕೆಲಸಕ್ಕಿದ್ದಾರೆ, ಆದರೂ ಗ್ಯಾಸ್ ಖಾಲಿಯಾದರೂ ಫೋನ್ ನನಗೇ ಬರುತ್ತದೆ ಅಂತ ಬರೆದಿದ್ದೀರಿ. ನಾನೂ ದಾವಣಗೆರೆಯಲ್ಲಿ ಹೋಟೆಲ್ ನಡೆಸುವವನೇ, ನನಗೆ ತೋಚಿದ್ದು ಹೇಳುತ್ತೇನೆ.

ನೀವು ಕೆಲಸ ಕೊಟ್ಟಿದ್ದೀರಿ, ತೀರ್ಮಾನ ಕೊಟ್ಟಿಲ್ಲ. ಹುಡುಗನನ್ನು ಮಾರ್ಕೆಟ್ಟಿಗೆ ಕಳಿಸುತ್ತೀರಿ, ಅಲ್ಲಿ ಟೊಮೆಟೊ ರೇಟು ಏರಿದ್ದರೆ ಅವನು ನಿಂತಲ್ಲೇ ನಿಮಗೆ ಫೋನ್ ಮಾಡುತ್ತಾನೆ, ನೀವು ಎತ್ತುವ ಹೊತ್ತಿಗೆ ಒಳ್ಳೇ ಮಾಲು ಬೇರೆಯವರ ಪಾಲು. ನಮ್ಮಲ್ಲಿ ಉಗ್ರಾಣ ನೋಡುವವರಿಗೆ ಮೊದಲೇ ಹೇಳಿಟ್ಟಿದೆ: ಇಷ್ಟು ರೇಟಿನವರೆಗೆ ಕೇಳದೆ ತನ್ನಿ, ಅದಕ್ಕಿಂತ ಜಾಸ್ತಿಯಾದರೆ ಅರ್ಧ ತಂದು ಭಟ್ಟರಿಗೆ ಹೇಳಿ. ಅವತ್ತು ಟೊಮೆಟೊ ಬಾತ್ ಬಿಟ್ಟು ಚಿತ್ರಾನ್ನ ಮಾಡುವುದು ಭಟ್ಟರಿಗೆ ಬಿಟ್ಟಿದ್ದು. ರಾತ್ರಿ ನನಗೆ ಚೀಟಿ ತೋರಿಸಿದರೆ ಸಾಕು. ಗ್ಯಾಸಿಗೂ ಅಷ್ಟೇ, ಸ್ಪೇರ್ ಸಿಲಿಂಡರ್ ಯಾರು ಜೋಡಿಸುತ್ತಾರೋ ಅವರೇ ಆಗಲೇ ಬುಕ್ ಮಾಡಬೇಕು.

ದುಡ್ಡಿನ ಭಯ ಇದ್ದೇ ಇರುತ್ತದೆ. ಚಿಲ್ಲರೆ ಖರ್ಚಿಗೆ 2024ರಲ್ಲಿ ಬಂದ ಯುಪಿಐ ಸರ್ಕಲ್ ನೋಡಿ. ನಿಮ್ಮ ಖಾತೆಯಿಂದಲೇ ಕೆಲಸದವರು ತಮ್ಮ ಫೋನಿನಲ್ಲಿ ದುಡ್ಡು ಕೊಡಬಹುದು, ತಿಂಗಳಿಗೆ 15,000, ಒಂದು ಸಲಕ್ಕೆ 5,000 ರೂಪಾಯಿ ದಾಟುವ ಹಾಗಿಲ್ಲ. ಪ್ರತಿ ಸಲ ನೀವೇ ಒಪ್ಪಿಗೆ ಕೊಡುವ ಹಾಗೂ ಇಟ್ಟುಕೊಳ್ಳಬಹುದು, ಆದರೆ ಆಗ ಮತ್ತೆ ಫೋನ್ ಹಿಡಿದೇ ಕೂರಬೇಕಲ್ವಾ?

ಮಾಲು ತರಿಸುವವರು, ತೂಕ ಹಾಕಿ ಇಳಿಸಿಕೊಳ್ಳುವವರು, ದುಡ್ಡು ಕೊಡುವವರು, ಮೂರೂ ಒಬ್ಬರೇ ಆಗಬಾರದು. ಅನುಮಾನಕ್ಕಲ್ಲ. ನಾಳೆ ಲೆಕ್ಕ ತಾಳೆಯಾಗದಿದ್ದರೆ ಏನೂ ಮಾಡದವನ ಮೇಲೆ ಗೂಬೆ ಕೂರಿಸುವುದು ತಪ್ಪುತ್ತದೆ.

ಇನ್ನೊಂದು, ಭಟ್ಟರ ತೀರ್ಮಾನ ನಿಮಗೆ ಹಿಡಿಸದಿದ್ದರೂ ಗಲ್ಲಾದಲ್ಲಿ ಕೂತು ಎಲ್ಲರೆದುರು ಅದನ್ನು ಬದಲಾಯಿಸಬೇಡಿ. ಸಂಜೆ ಕರೆದು ಹೇಳಿ. ಇಲ್ಲದಿದ್ದರೆ ನಾಳೆಯಿಂದ ಸಾಂಬಾರಿಗೆ ಉಪ್ಪು ಎಷ್ಟು ಅಂತಲೂ ನಿಮ್ಮನ್ನೇ ಕೇಳುತ್ತಾರೆ.

ಎಲ್ಲವನ್ನೂ ಬಿಡಿ ಅಂತ ನಾನು ಹೇಳಲ್ಲ. ಜನರನ್ನು ಸೇರಿಸಿಕೊಳ್ಳುವುದು, ಸಂಬಳ, ಜಿಎಸ್‌ಟಿ ನಿಮ್ಮ ಕೈಯಲ್ಲೇ ಇರಲಿ. ತಿಂಗಳು ತಿಂಗಳು ಫೈಲ್ ಮಾಡುವವರಿಗೆ 3ಬಿ, ಅಂದರೆ ಆ ತಿಂಗಳ ಜಿಎಸ್‌ಟಿ ಲೆಕ್ಕದ ರಿಟರ್ನ್, ಹಾಕಲು ಮುಂದಿನ ತಿಂಗಳ 20ನೇ ತಾರೀಖು ಕೊನೆ. ಹಾಕುವವರು ಆಡಿಟರ್ ಇರಬಹುದು, ತಡವಾದರೆ ಬಡ್ಡಿ, ಲೇಟ್ ಫೀ ಕಟ್ಟುವವರು ನಾವೇ. ರಿಟರ್ನ್ ಹಾಕಲು ಆಡಿಟರ್ ಓಟಿಪಿ ಕೇಳಿದಾಗ ಸುಮ್ನೆ ಹೇಳಿಬಿಡಬೇಡಿ, ಮೊದಲು ಅದರಲ್ಲಿ ಹಾಕಿದ ಅಂಕಿ ಕಳಿಸಿ ಅನ್ನಿ.