1899ರಲ್ಲಿ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ ತಂಡ 134 ಪಂದ್ಯ ಸೋತದ್ದೇಕೆ?

154 ಪಂದ್ಯಗಳಲ್ಲಿ ಬರೀ 20 ಗೆದ್ದ ಅಮೆರಿಕದ ಈ ಬೇಸ್‌ಬಾಲ್ ತಂಡದ ದುರ್ಗತಿಗೆ ಆಟಗಾರರಿಗಿಂತ ಮಾಲೀಕರೇ ಹೊಣೆಯೆಂಬುದು ನನ್ನ ಖಚಿತ ಅಭಿಪ್ರಾಯ. ತಂಡದ ಒಡೆಯರಾದ ರಾಬಿಸನ್ ಸಹೋದರರು ಆ ವರ್ಷ ಸೇಂಟ್ ಲೂಯಿಸ್ ತಂಡವನ್ನೂ ಕೊಂಡು, ಅಲ್ಲಿ ಹೆಚ್ಚು ಪ್ರೇಕ್ಷಕರು ಸೇರುತ್ತಾರೆಂದು ಸೈ ಯಂಗ್, ಜೆಸ್ಸಿ ಬರ್ಕೆಟ್, ಬಾಬಿ ವ್ಯಾಲೇಸ್ ಮುಂತಾದ ಘಟಾನುಘಟಿಗಳನ್ನೆಲ್ಲ ಆ ಊರಿಗೆ ಸಾಗಿಸಿದರು. ಒಬ್ಬರೇ ಎರಡು ತಂಡಗಳ ಒಡೆಯರಾಗುವುದನ್ನು ಈ ತಂಡಗಳು ಆಡುತ್ತಿದ್ದ ನ್ಯಾಷನಲ್ ಲೀಗ್ ಎಂಬ ಬೇಸ್‌ಬಾಲ್ ಕೂಟ ಆಗ ತಡೆಯುತ್ತಿರಲಿಲ್ಲ. ಕ್ಲೀವ್‌ಲ್ಯಾಂಡಿನಲ್ಲೇ ನಡೆದ 42 ಪಂದ್ಯಗಳಿಗೆ ಒಟ್ಟಾರೆ ಬಂದವರು ಸುಮಾರು 6,000 ಮಂದಿ, ಅಂದರೆ ಪಂದ್ಯಕ್ಕೆ 150 ಜನರೂ ಇಲ್ಲ. ಟಿಕೆಟ್ ಹಣದ ಪಾಲು ಪ್ರಯಾಣದ ಖರ್ಚಿಗೂ ಸಾಲದೆಂದು ಎದುರಾಳಿಗಳು ಅಲ್ಲಿಗೆ ಬರಲೊಪ್ಪದ ಕಾರಣ ಉಳಿದ 112 ಪಂದ್ಯಗಳನ್ನು ಪರಸ್ಥಳಗಳಲ್ಲೇ ಆಡಬೇಕಾಯಿತು. ಅವುಗಳಲ್ಲಿ 101 ಸೋಲು. ಕೊನೆಯ 41ರಲ್ಲಿ 40 ಸೋತ ಈ ತಂಡವನ್ನು ಆ ಋತುವಿನ ಬಳಿಕ ಲೀಗ್ ಕೈಬಿಟ್ಟಿತು.